ಕೆಂಪು ಮೊದಲು ಹೋಗುತ್ತದೆ

ಗಾರ್ಡನ್ ಏರಿಯಾ ಮೂರನೇ ತಿರುವಿನಲ್ಲಿ
ನಮ್ಮ ಅಂಗಡಿ, ಖಾಸಿಂಪೀರ್ ಆರ್ಟ್ಸ್.
ಇದ್ದ ಬೋರ್ಡು ಬಿಸಿಲಿಗೆ ಹೋಗಿ ನಾಲ್ಕು ವರ್ಷ.
ಬಂದವರಿಗೆ ಸ್ಯಾಂಪಲ್ ಅಂತ ಅದನ್ನೇ ತೋರಿಸುತ್ತೇನೆ:
ಹೀಗಾಗಬಾರದು ಅಂದರೆ ಚದರಡಿಗೆ ಅರವತ್ತು ಜಾಸ್ತಿ.

ಶಿವಮೊಗ್ಗದಲ್ಲಿ ಮಳೆಯಲ್ಲವೇನಮ್ಮ ಶತ್ರು, ಅನ್ನುತ್ತಾರೆ.
ಮಳೆ ಏನು ಮಾಡೀತು, ತೊಳೆಯುತ್ತದೆ ಅಷ್ಟೆ.
ಶಿವರಾತ್ರಿ ದಾಟಿದ ಮೇಲೆ
ಬಿ.ಎಚ್. ರಸ್ತೆಯಲ್ಲಿ ನಿಲ್ಲುವ ಬಿಸಿಲಿದೆಯಲ್ಲ,
ಅದು ಓದುತ್ತದೆ.
ಒಂದೊಂದು ಅಕ್ಷರಕ್ಕೂ ಬೆರಳಿಟ್ಟು,
ದಿನಕ್ಕೆ ಎಂಟು ಗಂಟೆ, ಭಾನುವಾರವೂ.
ಅಷ್ಟು ಓದಿಸಿಕೊಂಡರೆ ಯಾವ ಅಕ್ಷರ ಉಳಿದೀತು?

ಕೆಂಪು ಮೊದಲು ಹೋಗುತ್ತದೆ.
ಆಮೇಲೆ ಹಳದಿ.
ನೀಲಿ ಹೇಗೋ ಎಳೆದುಕೊಂಡು ನಿಲ್ಲುತ್ತದೆ,
ಅದಕ್ಕೇ ಸ್ಟುಡಿಯೋ ಬೋರ್ಡುಗಳ ಹಳೇ ಮದುಮಕ್ಕಳೆಲ್ಲ
ಇರುಳಿಡೀ ನೀರಲ್ಲಿ ನೆನೆಹಾಕಿದ ಹಾಗೆ ಕಾಣುವುದು.
ಕಪ್ಪು ಮಾತ್ರ ಕದಲುವುದಿಲ್ಲ.
ಮಸಿಯಲ್ಲವೇ,
ಉರಿಯನ್ನು ಒಮ್ಮೆ ಕಂಡು ಬಂದದ್ದು.

ಶೀಟಿಗೂ ಅದರದೇ ಸ್ವಭಾವ.
ಹಗಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ,
ಮೇಲಿನ ವಿನೈಲ್ ಅದರ ತಾಳಕ್ಕೆ ಕುಣಿಯಲೊಲ್ಲದು,
ಗುಳ್ಳೆ ಏಳುತ್ತದೆ, ಅಂಚು ಮುದುರುತ್ತದೆ.
ಸ್ಕ್ರೂ ತೂತನ್ನು ಒಂದು ನೂಲು ದೊಡ್ಡದು ಕೊರಿ ಅಂತ
ಅಂತೋಣಿಗೆ ಎಷ್ಟು ಸಲ ಹೇಳಿದ್ದೇನೆ.
ಬಿಗಿದು ಕೂರಿಸಿದ್ದು ಸೀಳುತ್ತದೆ ಮಾರಾಯ,
ಉಸಿರಾಡಲು ಜಾಗ ಬಿಡು.

ಗಾಜನೂರಿನಾಚೆ ಹೊಳೆದಂಡೆಗೆ
ಪಂಚಾಯ್ತಿಯ ಹಾಲೇಶಪ್ಪನವರು ಬರೆಸಿದ್ದು ಎರಡೇ ಸಾಲು.
ಇಲ್ಲಿ ನೀರಿಗೆ ಇಳಿಯುವುದು
ನಿಷೇಧಿಸಲಾಗಿದೆ.
"ಎರಡನೇ ಸಾಲು ಕೆಂಪಲ್ಲಿ ಹಾಕಮ್ಮ, ಕಣ್ಣಿಗೆ ಹೊಡೀಬೇಕು."
ಹೊಡೆಯುವ ಹಾಗೇ ಹಾಕಿದೆ.
ಅವರು ಕೊಟ್ಟ ದರಕ್ಕೆ ಸಿಗುವ ಕೆಂಪು.

ಮೂರು ಬೇಸಿಗೆ.
ಮೊನ್ನೆ ತೀರ್ಥಹಳ್ಳಿಯಿಂದ ಬರುವಾಗ ಗಾಡಿ ನಿಲ್ಲಿಸಿ ನೋಡುತ್ತೇನೆ,
ಬೋರ್ಡು ನೆಟ್ಟಗಿದೆ, ಒಂದು ಸ್ಕ್ರೂ ಅಲುಗಿಲ್ಲ:
ಇಲ್ಲಿ ನೀರಿಗೆ ಇಳಿಯುವುದು.
ಕೆಳಗೆ ಬರೀ ಬಿಳಿ.
ಬಿಳಿಯ ಕೆಳಗೆ ಕಲ್ಲು, ಕಲ್ಲಿನ ಮೇಲೆ ನಾಲ್ಕು ಜೊತೆ ಚಪ್ಪಲಿ,
ಒಂದು ಜೊತೆ ನನ್ನ ಅಂಗೈಯಷ್ಟು,
ಪಟ್ಟಿಯ ಮೇಲೆ ಪ್ಲಾಸ್ಟಿಕ್ ಚಿಟ್ಟೆ.

ಕೂಗಿದೆ. ಏನಂತ ಕೂಗಿದೆನೋ.
ಬಂಡೆಯ ಮರೆಯಿಂದ ಒಬ್ಬೊಬ್ಬರೇ ಬಂದರು,
ಒದ್ದೆ ತಲೆ, ಮಗುವಿನ ಕೈಯಲ್ಲಿ ಮಂಡಕ್ಕಿ ಪೊಟ್ಟಣ.
"ಯಾಕ್ರೀ, ಇಲ್ಲೇ ಇಳೀರಿ ಅಂತ ಬೋರ್ಡೇ ಹಾಕಿದಾರಲ್ಲ,"
ಅಂದ ಆ ಮನುಷ್ಯ.
ಅವನು ತಪ್ಪೇನೂ ಓದಿರಲಿಲ್ಲ.

ರಾತ್ರಿ ಅಬ್ಬಾನಿಗೆ ಹೇಳಿದೆ.
ಬಹಳ ಹೊತ್ತು ಬೀಡಿ ಹಚ್ಚದೆ ಹಿಡಿದುಕೊಂಡಿದ್ದರು.
ಆಮೇಲೆ, "ಸೂರ್ಯ ಮುಂದಿನಿಂದ ಬರ್ತಾನೆ,
ನೀನು ಹಿಂದಿನಿಂದ ಬರಿ."
ಕ್ಷೌರದಂಗಡಿಗಳ ಗಾಜಿಗೆ ಅವರು ಬರೆಯುತ್ತಿದ್ದದ್ದು ಹಾಗೆ,
ಒಳಬದಿಗೆ, ತಿರುಗುಮುರುಗಾಗಿ.

ಪಾಲಿಕಾರ್ಬೊನೇಟ್ ಬೇಡ, ಹಳದಿ ತಿರುಗುತ್ತದೆ.
ತಿಳಿ ಅಕ್ರಿಲಿಕ್ ತಂದೆ, ಐದು ಮಿಲಿಮೀಟರು.
ಮೆಷಿನ್ನಿನಲ್ಲೇ ತಿರುಗಿಸಿ ಹೊಡೆಯಬಹುದಿತ್ತು,
ಅಬ್ಬಾ ಬ್ರಷ್ ಹುಡುಕುತ್ತಿದ್ದರು, ಸುಮ್ಮನಾದೆ.
ಕೊನೆಯ 'ದೆ'ಯಿಂದ ಶುರು.
ತಲಕಟ್ಟು ಆ ಕಡೆ, ಕೊಂಬು ಈ ಕಡೆ,
ಎಂಬತ್ತರ ಸಮೀಪದ ಕೈ ನಡುಗುತ್ತದೆ, ಅಕ್ಷರ ನಡುಗುವುದಿಲ್ಲ.
ಮುಂದೆ ಕಾಣಬೇಕಾದ್ದು ಮೊದಲು,
ಹಿನ್ನೆಲೆಯ ಬಿಳಿ ಎಲ್ಲಕ್ಕೂ ಕೊನೆಗೆ.
ಎರಡು ಸಾಲೂ ಕಪ್ಪು.
ಕೆಂಪನ್ನು ಸುತ್ತಲ ಗೆರೆಗೆ ಮಾತ್ರ ಕೊಟ್ಟೆವು,
ಹೋದರೆ ಹೋಗಲಿ.

"ಗ್ಯಾರಂಟಿ ಎಷ್ಟು ವರ್ಷ?" ಹಾಲೇಶಪ್ಪನವರು.
ಪ್ರತಿ ಯುಗಾದಿಗೆ ಬಂದು ನೋಡುತ್ತೇನೆ ಅಂದೆ.
ಅದು ಉತ್ತರವಲ್ಲ ಅಂತ ಅವರಿಗೂ ಗೊತ್ತು.
ಬಿಲ್ಲು ಕೇಳಿದರು. ತಂದಿಲ್ಲ ಅಂದೆ.

ಹೊಳೆ ಬೆನ್ನ ಹಿಂದೆ ಹೊಳೆಯುತ್ತಿತ್ತು.
ಅಂತೋಣಿ ನಾಲ್ಕೂ ಸ್ಕ್ರೂ ಪೂರ್ತಿ ತಿರುಗಿಸಿದ,
ಆಮೇಲೆ ಒಂದೊಂದನ್ನೂ ಕಾಲು ಸುತ್ತು
ಹಿಂದಕ್ಕೆ ಬಿಟ್ಟ,
ನಾನು ಹೇಳದೆ.