ಅರ್ಧ ನಕ್ಷತ್ರ

ಕಿಲಾರಿ ರಸ್ತೆಯಲ್ಲಿ, ಮೆಟ್ಟಿಲಡಿಯ
ಆರಡಿ ಅಂಗಡಿಯಲ್ಲಿ, ರಖುಮಾಬಾಯಿ
ನನ್ನ ರವಿಕೆಗೆ ಕೊನೆಯ ಕೊಕ್ಕೆ ಹಾಕುತ್ತಾ ಅಂದರು:
"ಸುಮ್ನೆ ಕೂತಿದೀರಲ್ಲ, ಇದನ್ನೊಂದು ಬರೆದುಕೊಡಿ.
ದಿನಾ ಕೇಳ್ತಾನೆ ಫೋನಲ್ಲಿ, ಹೇಗಿತ್ತು, ಹೇಗಿತ್ತು,
ಮಗಳನ್ನ ಕೊಟ್ಟ ಬೀಗರ ಹಾಗೆ."

ಮೊದಲು ದೀಪ.
ಮಿಷನ್ನಿನ ಕುತ್ತಿಗೆಗೆ ಕಚ್ಚಿಕೊಳ್ಳುವ ಪುಟ್ಟ ದೀಪ,
ಮುನ್ನೂರ ನಲವತ್ತೊಂಬತ್ತು ರೂಪಾಯಿ.
"ಬರೀರಿ: ಬೆಳಕು ಒಳ್ಳೇದು.
ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದ್ರೂ
ಹೊಲಿಗೆ ಇರುವೆ ಸಾಲಿನ ಹಾಗೆ ಕಾಣುತ್ತೆ.
ಕ್ಲಿಪ್ಪು ಮಾತ್ರ ಸೋಮಾರಿ.
ಪೆಡಲು ತುಳಿದ್ರೆ ಮೆಲ್ಲಗೆ ತಲೆ ಬಗ್ಗಿಸಿ
ನನ್ನ ಮಡಿಲನ್ನೇ ನೋಡುತ್ತೆ.
ರಬ್ಬರ್ ಬ್ಯಾಂಡು ಸುತ್ತಿದೀನಿ, ಅದನ್ನೂ ಬರೀರಿ,
ಕೊಂಡವರಿಗೆ ಉಪಯೋಗ ಆಗ್ಲಿ."

ಆಮೇಲೆ ಪುಸ್ತಕ.
ನೂರೊಂದು ರವಿಕೆ ಮಾದರಿ, ಮಿರಮಿರ ರಟ್ಟು.
ಅವರು ಎಣಿಸಿದ್ದಾರೆ: ಅರವತ್ತೆಂಟು.
ಮಿಕ್ಕವು ಅವೇ, ಬಣ್ಣ ಬದಲಿಸಿ ಬಂದಿವೆ,
ಎರಡು ಪಂಕ್ತಿಗೂ ಕೂತು ಉಂಡವರ ಹಾಗೆ.
"ಅಷ್ಟೂ ಪುಟಕ್ಕೆ ಒಬ್ಬಳೇ ತೆಳ್ಳಗಿನ ಹುಡುಗಿ.
ತೋಳು ದಪ್ಪ ಇರೋರು, ಬೆನ್ನು ಬಾಗಿರೋರು,
ಆಪರೇಷನ್ ಆಗಿ ಒಂದೇ ಕಡೆ ಎದೆ ಇರೋರು
ಬರ್ತಾರೆ ನನ್ನ ಹತ್ರ. ಅವರಿಗೆ ಯಾವ ಪುಟ?
ಬರೀಬೇಡಿ ಅದನ್ನ.
ಇಲ್ಲ. ಬರೀರಿ."

ಬರೆದೆ. ಕೆಳಗೆ ಉಳಿದವರ ಮಾತು ಓದಿ ಹೇಳಿದೆ:
ಸೂಪರ್.
ಡಬ್ಬಿ ಒಡೆದಿತ್ತು.
ಅತ್ತಿಗೆಗೆ ಕೊಟ್ಟೆ, ಏನೂ ಹೇಳಲಿಲ್ಲ.
ಇನ್ನೂ ತೆರೆದಿಲ್ಲ, ಐದು ನಕ್ಷತ್ರ.
ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ನಕ್ಕರು ರಖುಮಾಬಾಯಿ;
ಅಷ್ಟು ಹುಷಾರಾಗಿ ನಕ್ಕವರನ್ನು ನಾನು ಕಂಡಿಲ್ಲ.

ನಕ್ಷತ್ರ ಎಷ್ಟು ಹಾಕಲಿ?
"ಎರಡೂವರೆ."
ಅರ್ಧ ಕೊಡಕ್ಕಾಗಲ್ಲ ಬಾಯಿ, ಎರಡು, ಇಲ್ಲ ಮೂರು.
ಕೈ ನಿಂತಿತು.
"ಅಗಬಾಯಿ! ಅರ್ಧ ಇಲ್ವಾ?
ನಲವತ್ತು ವರ್ಷ ಅರ್ಧದಲ್ಲೇ ಬದುಕಿದೀನಲ್ರೀ.
ಎದೆ ಮೂವತ್ತಾರೂವರೆ, ತೋಳು ಹನ್ನೊಂದೂವರೆ.
ಕಾಲಿಂಚಿಗೆ ಜಗಳ ತೆಗೆದು
ಮುಹೂರ್ತ ತಪ್ಪಿಸಿದ ಮದುಮಗಳು ಇದ್ದಾಳೆ ಬಳೇಪೇಟೆಯಲ್ಲಿ.
ಎರಡು ಅಂದ್ರೆ ಮಾಡಿದವನ ಹೊಟ್ಟೆ ಮೇಲೆ ಹೊಡೆದಂಗೆ,
ಮೂರು ಅಂದ್ರೆ ಕೊಳ್ಳೋರಿಗೆ ಸುಳ್ಳು ಹೇಳಿದಂಗೆ.
ಅರ್ಧ ಇಲ್ಲದ ಟೇಪು ಯಾರು ಕೊಟ್ರು ಇವರಿಗೆ?"

ಹೊರಗೆ ಜರಿ ಮೂಟೆ ಹೊತ್ತ ಗಾಡಿ
ದಾರಿ ಸಿಗದೆ ಹಾರ್ನು ಹೊಡೆಯುತ್ತಿತ್ತು.
ಅವರು ಬೆರಳಲ್ಲಿ ಏನೋ ಲೆಕ್ಕ ಹಾಕಿದರು.
"ದೀಪಕ್ಕೆ ಮೂರು, ಪುಸ್ತಕಕ್ಕೆ ಎರಡು.
ಕೂಡಿಸಿ ಭಾಗಿಸಿಕೊಳ್ಳಲಿ."

ಪರದೆ ಎಳೆದು ರವಿಕೆ ತೊಟ್ಟೆ.
ಎಡತೋಳು ಬಿಗಿ.
"ಹೇಗಿದೆ?"
ಚೆನ್ನಾಗಿದೆ.
"ತೋಳೆತ್ತಿ ಹೇಳಿ."
ತೋಳೆತ್ತಿದೆ. ಮಾತಾಡಲಿಲ್ಲ.
"ನೋಡಿ, ನೀವೂ ತೆರೆಯದೇ ಐದು ಕೊಡೋರೇ.
ಬಿಗಿ ಇದ್ರೆ ಬಿಗಿ ಅನ್ನಬೇಕಪ್ಪ.
ಒಳಗೆ ಅರ್ಧ ಇಂಚು ಬಿಟ್ಟಿದೀನಿ,
ಯಾತಕ್ಕೆ ಅಂದ್ಕೊಂಡ್ರಿ?"

ದೀಪ ಆಗಲೇ ತಲೆ ತಗ್ಗಿಸಿತ್ತು.
ಬ್ಲೇಡು ಹಿಡಿದು ಅವರು ಒಂದೊಂದೇ ಹೊಲಿಗೆ ಬಿಚ್ಚುವಷ್ಟು ಹೊತ್ತೂ
ಅದರ ಗಲ್ಲ ಎತ್ತಿ ಹಿಡಿದು ನಿಂತಿದ್ದೆ.