ಪಣ

ಹೆಸರು ಕೇಳಬ್ಯಾಡ್ರಿ, ಹೇಳಂಗಿಲ್ಲ.
ಊರೂ ಕೇಳಬ್ಯಾಡ್ರಿ.
ಅಕ್ಕಲಕೋಟ ತಾಲೂಕು ಅಂದ್ರ ಸಾಕು.
ಬೋರಿ ನದಿ ದಂಡಿ ಅಂತ ಸೈತ ಬರೀಬಾರದಿತ್ತು,
ಬರದೆ.

ಮುಂಜಾನೆ ಖಾಕಿ ಬಿಚ್ಚಿಟ್ಟು
ಮೈದುನನ ಮದುವಿಗೆ ಹೊಲಿಸಿದ ತಿಳಿನೀಲಿ ಅಂಗಿ ತೊಟ್ಟೆ.
ಹುಡುಗರನ್ನ ಒಯ್ಯೂಮುಂದ ವರ್ದಿ ಇರಬಾರದು,
ಬೇಡಿ ಇರಬಾರದು, ಹಗ್ಗ ಇರಬಾರದು.
ಹಂಗಾರ ಏನ್ ಹಿಡದು ಒಯ್ಯಲಿ, ಕೇಳಿದೆ.
ಸಾಹೇಬರು ನಕ್ಕರು:
"ಕೈ ಹಿಡಕೊಂಡು ಹೋಗು. ಅವ ಓಡಿದ್ರ ನಿನ್ನ ನೌಕರಿ ಓಡ್ತದ."

ಹಿಡಕೊಂಡೆ.
ಎಳಿ ಕೈ ಅಲ್ಲ ಅದು. ಅಂಗೈ ತುಂಬ
ಇಟ್ಟಂಗಿ ಭಟ್ಟಿಯ ಗುಳ್ಳಿ, ಒಡದು ಒಣಗಿದ್ದು.

ಸೋಲಾಪುರ ಬಸ್ಸಿನಾಗ ಕಂಡಕ್ಟರ್ ಕೇಳಿದ,
"ಪೋರಗಾ ಹಾಫ್ ಕೀ ಫುಲ್?"
ವಾರಂಟ್ ತೋರಿಸಿದ್ರ ಬಸ್ಸಿಗೆಲ್ಲ ಗೊತ್ತಾಗ್ತದ ಅಂತ
ನನ್ನ ಕಿಸೆದಾಗಿನ ರೊಕ್ಕ ತಗದು ಅಂದೆ, ಫುಲ್.
ಹನ್ನೆರಡು ದಾಟಿದ್ರ ಬಸ್ಸಿಗೆ ದೊಡ್ಡವ,
ಹದಿನೆಂಟು ದಾಟದಿದ್ರ ಕಾಯ್ದೆಗೆ ಸಣ್ಣವ.
ಭಟ್ಟಿ ಮಾಲಕನ ಲೆಕ್ಕದಾಗ ಯಾವ ವಯಸ್ಸೂ ಇಲ್ಲ,
ಸಾವಿರ ಇಟ್ಟಂಗಿಗೆ ಇಷ್ಟು ಅಂತ.
ಇವೆಲ್ಲದರ ನಡುವ, ಕಿಡಕಿ ಬಾಜೂಕ,
ಬಿಸ್ಕೀಟು ಚಹಾ ಇಲ್ಲದಽ ತಿನ್ನಕೋತ ಕುಂತಿದ್ದ.

ಡೈರಿಯೊಳಗ ಮೊದಲು ಹತ್ತೊಂಬತ್ತು ಅಂತ ಇತ್ತು.
"ಮೀಸಿ ಚಿಗತದ ನೋಡು" ಅಂದಿದ್ರು ಸಾಹೇಬರು.
ರಾತ್ರೀನಽ ಗಾಡಿ ಹೊಡಕೊಂಡು ಹೋಗಿ
ಚನಮಲ್ಲ ಮಾಸ್ತರರ ಬಾಗಲ ಬಡದೆ.
ಕನ್ನಡ ಸಾಲಿ, ಹಸರು ರಟ್ಟಿನ ರಜಿಸ್ಟರ್,
ದಾಖಲಾತಿ ನಂಬರ್ ನಾಕನೂರ ಹನ್ನೊಂದು.
ಹುಟ್ಟಿದ ತಾರೀಖು ಅಕ್ಷರದಾಗ ಬರದಿತ್ತು.
"ಅಂಕಿ ತಿದ್ದತಾರ, ಅದಕ್ಕ" ಅಂದ್ರು ಮಾಸ್ತರರು, ಕಂದೀಲು ಹತ್ತರ ಹಿಡದು.
ಹದಿನಾಕು ವರ್ಷ, ಎಂಟು ತಿಂಗಳು.
ಮೀಸಿ ಸುಳ್ಳು ಹೇಳಿತ್ತು.

ವಳಸಂಗದಾಗ ಬಸ್ಸು ನಿಂತಾಗ
"ಕಾಕಾ, ಒಂದಕ್ಕ" ಅಂದ.
ಕೈ ಬಿಟ್ಟೆ.
ಪತ್ರಾಸ್ ಗೋಡಿ ಹಿಂದ ಹೋದ. ಅದರ ಆಚಿ ಬರೇ ತೊಗರಿ ಹೊಲ,
ಆಳೆತ್ತರ.
ನಲವತ್ತರ ತನಕ ಎಣಿಸಿದೆ.
ಲಾಡಿ ಕಟಗೋತ ಬಂದವ ನನ್ನ ಮಾರಿ ನೋಡಿ ಕೇಳಿದ,
"ಯಾಕ ಕಾಕಾ, ಇಷ್ಟ್ಯಾಕ ಬೆವತೀರಿ?"

ಅಲ್ಲಿ ಕಟಕಟಿ ಇಲ್ಲ.
ಮ್ಯಾಡಮ್ಮರ ಕುರ್ಚಿ ನಮ್ಮ ಕುರ್ಚಿಯಷ್ಟಽ ಎತ್ತರ.
ಮರಾಠಿಯೊಳಗ ಕೇಳಿದ್ರು, ಮೆತ್ತಗ. ಹುಡುಗ ನೆಲ ನೋಡಿದ.
ಸರಕಾರ ಕೊಟ್ಟ ವಕೀಲಗ ಕನ್ನಡ ಬರಲ್ಲ,
ದುಭಾಷಿ ರಜಾದಾಗ.
"ಇಲ್ಲಿ ಕನ್ನಡ ಯಾರಿಗೆ ಬರ್ತದ?"
ನನ್ನ ಕೈ ಮ್ಯಾಲ ಹೋತು. ತಡದಿದ್ರ ತಡೀಬಹುದಿತ್ತು.

ಕಾಗದದಾಗ ಏಳು ಮೋಟಾರು.
ಏಳು ಬಾವಿ, ಏಳು ಫಿರ್ಯಾದಿ, ಮೂರು ವರ್ಷದ ಬಾಕಿ
ಒಂದಽ ಹೆಗಲಿಗೆ.
ಬರದಾವ ನಾನಽ. ನನ್ನ ಅಕ್ಷರ ಗುಂಡಗ ಅವ ಅಂತ
ಸಾಹೇಬರು ನನಗಽ ಬರಸ್ತಾರ.

ಹುಡುಗ ಅಂದ:
"ಒಂದು ತಗೊಂಡೀನ್ರಿ. ಆದ್ರ ಉಳದವು ನಾ ಅಲ್ಲ."

ಮೊದಲಿನ ಮಾತು ಮರಾಠಿಗೆ ಸರಳ ದಾಟಿತು.
ಹಿಂದಽ ಬಂದು ನಿಂತಿತು ಆ 'ಆದ್ರ'.
ಎರಡು ಅಕ್ಷರ. ನುಂಗಿದ್ರ ಯಾರಿಗೂ ಗೊತ್ತಾಗಲ್ಲ,
ಒಂದು ಕೆಮ್ಮಿನಾಗ ಹೋಗಿಬಿಡ್ತದ.
ಮರಾಠಿಯಾಗ ಅದಕ್ಕ 'ಪಣ' ಅಂತಾರ.
ನಮ್ಮ ಮಾತಿನಾಗ ಪಣ ಅಂದ್ರ ಒಡ್ಡಿಬಿಡೂದು,
ಹೊಲ, ಮನಿ, ತಲಿ.
ನನ್ನ ಹಂತ್ಯಾಕ ಹತ್ತೊಂಬತ್ತು ವರ್ಷದ ನೌಕರಿ ಇತ್ತು.

"ಪಣ" ಅಂದೆ.

ಮ್ಯಾಡಮ್ಮರ ಪೆನ್ನು ನಿಂತಿತು.
"ಪಣ ಕಾಯ್?"

ಆರು ಫೈಲು ತಿರುಗಿ ನನ್ನ ಟೇಬಲ್ಲಿಗೆ ಬಂದು ಕುಂತಾವ.
ಚಹಾ ತರೂ ಹುಡುಗ ನನ್ನ ಕಪ್ಪು ಎಣಸೂದಿಲ್ಲ ಈಗ.
ಅವನ ಅವ್ವ ಕಬ್ಬು ಕಡೀಲಾಕ ಹೋದಾಕಿ, ಫೋನು ಹತ್ತಲ್ಲ,
ಮುಕಾದಮನ ಕೈಯಾಗ ಎರಡು ಸಲ ಹೇಳಿ ಕಳಿಸೀನಿ.

ಆ ದಿನ ಬರೂಮುಂದ ಒಂದಽ ತಿಕೀಟು.
ಕಿಡಕಿ ಬಾಜೂಕ ಕುಂಡ್ರಲಿಲ್ಲ.
ಕುಂಭಾರಿ ದಾಟೂತನಕ
ಈ ಬಲಗೈ ಎಲ್ಲಿಡಬೇಕಂತ ತಿಳೀಲಿಲ್ಲ.