ಮೂರನೇ ಸೆಮಿಸ್ಟರಿನ ಕ್ಷೇತ್ರಕಾರ್ಯ

ಯಮ ಅಲ್ಲ, ಯಾಮಾ.
ಮೊದಲ ದಿನ ಹಾಜರಿ ಕರೆದಾಗ
ಹಿಂದಿನ ಬೆಂಚು ನಕ್ಕಿತು. ಅವನೂ ನಕ್ಕ,
ಯಾಕೆಂದು ಗೊತ್ತಿಲ್ಲದೆ.
ಹೆರಾತಿನವನು. ಕಲಬುರಗಿಯ ಬಿಸಿಲಿಗೆ
ತಲೆ ಮೇಲೆ ಹಸಿ ಟವೆಲ್ಲು ಹೊದ್ದುಕೊಂಡು
‘ರಾಜ್ಯ ನಿರ್ಮಾಣ: ಸಿದ್ಧಾಂತ ಮತ್ತು ಅನುಭವ’
ಎಂಬತ್ತು ಅಂಕದ ಪೇಪರು ಓದಲು ಬಂದವನು.

ಆ ಆಗಸ್ಟಿನಲ್ಲಿ ಅವನ ರಾಜ್ಯ ಬಿತ್ತು.
ಮೆಸ್ಸಿನ ಟೀವಿ ಮುಂದೆ ನಾವೆಲ್ಲ ನಿಂತಿದ್ದೆವು.
ಅವನು ಸಾರಿನ ಬಟ್ಟಲು ಹಿಡಿದುಕೊಂಡೇ ಇದ್ದ.
ಮರುವಾರ ಮೇಡಮ್ಮು ‘ವಿಫಲ ರಾಜ್ಯಗಳು’ ಸ್ಲೈಡನ್ನು
ಬೇಗ ಬೇಗ ದಾಟಿಸಿದರು.
ಅವನೇ ಕೈ ಎತ್ತಿದ:
ಹಿಂದಕ್ಕೆ ಹೋಗಿ ಮೇಡಂ, ಬರಕೊಂಡಿಲ್ಲ.

ಕ್ಷೇತ್ರಕಾರ್ಯಕ್ಕೆ ನಮ್ಮಿಬ್ಬರನ್ನು ಜೋಡಿ ಹಾಕಿದರು.
ಅವನದು ಪ್ರಶ್ನೆ, ನನ್ನದು ಭಾಷೆ.
ಆಳಂದದ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು
ತಹಸೀಲಿನ ಸುದ್ದಿ ಹೇಳ್ಲತ್ತಿದ್ದರು.
ತೊಗರಿಹೊಲ ನೋಡುತ್ತಿದ್ದವನು
ಒಮ್ಮೆಲೆ ಕಿವಿ ನೆಟ್ಟಗೆ ಮಾಡಿದ:
ದಫ್ತರ. ಅರ್ಜಿ. ಜಮೀನು. ರಸೀದಿ. ಹುಕುಂ.
‘ಇವು ನಮ್ಮವು,’ ಅಂದ.
‘ನಮ್ಮವೂ,’ ಅಂದೆ.
ಆಳಿದವರು ಎದ್ದು ಹೋಗಿ ಎಷ್ಟೋ ಕಾಲವಾಯಿತು,
ಅವರ ಮಾತು ಇನ್ನೂ ಕುರ್ಚಿ ಬಿಟ್ಟಿಲ್ಲ.

ಹಿರೇಕುಣಿಯ ರೇಷನ್ ಅಂಗಡಿ ಕಟ್ಟಿ ಮೇಲೆ
ಶಾಣಮ್ಮ. ಆಧಾರಿನ ಪ್ರಕಾರ ಎಂಬತ್ತೇಳು,
ಅವಳ ಪ್ರಕಾರ ‘ಭಾಳ’.
ಪ್ರಶ್ನೆ ಏಳು: ನಿಮ್ಮ ದೃಷ್ಟಿಯಲ್ಲಿ ಸರ್ಕಾರ ಎಂದರೇನು?

‘ಯಾವ ಸರ್ಕಾರ ಯವ್ವಾ?
ಹುಟ್ಟಿದಾಗ ನಿಜಾಮಂದು,
ಮೈನೆರದಾಗ ಹೈದ್ರಾಬಾದು, ಕೂಸು ಹಡದಾಗ ಮೈಸೂರು,
ಆಮ್ಯಾಲ ಕರ್ನಾಟಕ ಅಂದ್ರು.
ನಾ ಅಂತೂ ಈ ಊರ ಬಿಟ್ಟು ಎಲ್ಲಿ ಹೋಗಿಲ್ಲ ನೋಡು.’

ಈ ಉತ್ತರ ಯಾವ ಚೌಕದಲ್ಲೂ ಕೂರಲಿಲ್ಲ.
ಆಮೇಲೆ ಡಿಪಾರ್ಟ್‌ಮೆಂಟಿನಲ್ಲಿ ಕೂತು
‘ಅಸ್ಪಷ್ಟ’ ಎಂದು ಕೋಡು ಹಾಕಿದೆವು: ತೊಂಬತ್ತೊಂಬತ್ತು.

ಹೇಳುತ್ತಲೇ ಅವಳು ಹೆಬ್ಬೆಟ್ಟು ಸೆರಗಿಗೆ ತಿಕ್ಕುತ್ತಿದ್ದಳು.
ಮೂರು ದಿನದಿಂದ ಮಷೀನು ಅವಳನ್ನು ಒಲ್ಲೆ ಅಂದಿತ್ತು.
ಬೆರಳ ತುದಿ ಹೊಳೆಯುತ್ತಿತ್ತು
ಹೊಳೆಯೊಳಗಿನ ಹರಳಿನ ಹಾಗೆ, ಒಂದು ಗೆರೆ ಇಲ್ಲ.
‘ನಾ ನಾನೇ ಅಂತ ಅದಕ್ಕ ಹೆಂಗ ಹೇಳ್ಲಿ?’

ಅನುವಾದ ಮಾಡಿದೆ. ಯಾಮಾನ ಪೆನ್ನು ನಿಂತಿತು.

ಅವನ ಅಣ್ಣ ಅಲ್ಲಿ ಯಾವುದೋ ಇಲಾಖೆಯಲ್ಲಿದ್ದವನು.
ನೌಕರರೆಲ್ಲರ ಬೆರಳಚ್ಚು, ಕಣ್ಣಿನ ಅಚ್ಚು ಕೂಡಿಸಿದ್ದರು —
ದಾನಿ ದೇಶಗಳ ದುಡ್ಡು, ತಜ್ಞರ ವರದಿ,
ನಮ್ಮ ನೋಟ್ಸಿನಲ್ಲಿ ಅದಕ್ಕೆ ‘ಸಾಮರ್ಥ್ಯ ವರ್ಧನೆ’ ಎಂದು ಹೆಸರು,
ಕೆಳಗೆ ನಾನೇ ಎಳೆದ ಹಳದಿ ಗೆರೆ.
ಮಷೀನು ಈಗ ಬೇರೆಯವರ ಕೈಲಿ.
ರಾತ್ರಿ ಹೊತ್ತು ಅಣ್ಣ
ಹಿತ್ತಲ ಬಾವಿಗಲ್ಲಿಗೆ ಬೆರಳ ತುದಿ ಉಜ್ಜುತ್ತಾನೆ.
ಫೋನಿನಲ್ಲಿ ಮಾತಿಗಿಂತ ಮೊದಲು
ಆ ಸಪ್ಪಳ ಬರುತ್ತದೆ.

ಇದನ್ನು ಶಾಣಮ್ಮನಿಗೆ ಹೇಗೆ ಹೇಳಲಿ?
ಬಂದಷ್ಟು ಹೇಳಿದೆ.
ಆಕೆ ಅವನನ್ನೇ ನೋಡಿದಳು. ಅಯ್ಯೋ ಅನ್ನಲಿಲ್ಲ.
‘ಕಲ್ಲು ಬ್ಯಾಡ ಅನ್ನು, ರಗತ ಬರ್ತದ.
ಸುಣ್ಣದಾಗ ಕೈ ಆಡಸ್ಲಿ. ಲಗೂನೆ ಹೋಗ್ತಾವ.
ನಂದು ಹಂಗೇ ಹೋಗ್ಯಾವ, ಶಹಾಬಾದದ ಭಟ್ಟ್ಯಾಗ.’

ಆರನೇ ಸಲಕ್ಕೆ ಮಷೀನು ಕೂಗಿತು.
ಯಾವ ಬೆರಳಿಗೋ, ಯಾಕೋ.
ಡೀಲರು ಅಕ್ಕಿ ಸುರಿದು ರಸೀದಿ ಹರಿದ.
‘ಒಪ್ಪಿತಲ್ಲ!’ ಅಂತ ಸುತ್ತಲಿದ್ದವರೆಲ್ಲ
ಕೂಸು ಹುಟ್ಟಿದ ಮನೆಯವರ ಹಾಗೆ ನಕ್ಕರು.

ಬಸ್ಸಿಗೆ ಕಾಯುವಾಗ ಕೇಳಿದ:
ಆ ಅಜ್ಜಿ ಹೇಳಿದ್ದು, ಸುಣ್ಣ, ಅಂದರೆ ಏನು?
ಇಂಗ್ಲಿಷಿನಲ್ಲಿ ಹೇಳಿದರೆ
ಲಿಂಬೆಹಣ್ಣೇ ಅಂದ.
ಅವನ ಮಾತಿನಲ್ಲಿ ಅದಕ್ಕೇನಂತಾರೋ
ನನಗೆ ಗೊತ್ತಿಲ್ಲ.
ರಸ್ತೆಯಾಚೆ ಪಂಚಾಯಿತಿ ಆಫೀಸಿನ
ಹೊಸದಾಗಿ ಬಳಿದ ಬಿಳೀ ಗೋಡೆ ತೋರಿಸಿದೆ.

ಅವನು ದಾಟಿ ಹೋಗಿ
ಹೆಬ್ಬೆಟ್ಟು ಒತ್ತಿ ನೋಡಿದ.